ಕೂಸಿನ ಹಳ್ಳ

ಬಾಲಮ್ಮನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜೂನ್ ಒಂದು ಎಂದಿದೆ. ಗಂಡ ಯಂಕಣ್ಣನದೂ ಜೂನ್ ಒಂದು, ಮಗ ಚನ್ನುವಿನದೂ ಜೂನ್ ಒಂದು. ಗಂಡ ಹೆಂಡಿರದನ್ನು ಯಾರು ಬರೆದರೋ ನನಗೆ ತಿಳಿಯದು. ಚನ್ನುವಿನದನ್ನು ಬರೆದವಳು ನಾನು. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪು ಅದು. ಮೊದಲೇ ಹೇಳಿಬಿಟ್ಟರೆ ಬಾಲಮ್ಮನ ವಿಷಯ ಹೇಳಲು ನನಗೆ ಬಾಯಿ ಬರುತ್ತದೆ.

ನನ್ನ ಹೆಸರು ವಾರಿಜಾ. ಮೂಲ್ಕಿ ಕಡೆಯವಳು, ಮನೆಮಾತು ತುಳು, ನಲವತ್ತು ವರ್ಷದಿಂದ ಮರಾಠಿ ಸೀಮೆಯ ಡೊಂಬಿವಲಿಯಲ್ಲಿದ್ದೇನೆ. ಕನ್ನಡ ಸಂಘವೊಂದು ಬೇಲಾಪುರದ ಹತ್ತಿರ ಎರಡು ಕೋಣೆಯ ಶಾಲೆ ನಡೆಸುತ್ತಿದ್ದಾಗ ಅಲ್ಲಿ ಟೀಚರಾಗಿದ್ದೆ. ಶಾಲೆ ಈಗ ಇಲ್ಲ, ಆ ಜಾಗದಲ್ಲಿ ಜಿಮ್ ಇದೆ. ಆಗ ಪಕ್ಕದ ಖಾರಘರ ಎಂದರೆ ಗುಡ್ಡ, ಗದ್ದೆ ಮತ್ತು ಮುರುಮು ಮಣ್ಣಿನ ರಾಶಿ. ರಸ್ತೆ ಮಾಡಲು, ಪಾಯ ತೋಡಲು ಕಲಬುರಗಿ ಕಡೆಯಿಂದ ಜನ ಬಂದು ತಗಡಿನ ಜೋಪಡಿ ಹಾಕಿಕೊಂಡಿದ್ದರು. ಅವರ ಮಕ್ಕಳನ್ನು ಶಾಲೆಗೆ ಎಳೆದು ತರುವುದು ನನ್ನ ಕೆಲಸ. ಹುಟ್ಟಿದ ತಾರೀಕು ಕೇಳಿದರೆ ತಾಯಂದಿರು ಯುಗಾದಿ, ಬೇವಿನ ಹೂವು, ಬಸವ ಜಯಂತಿ ಎಂದು ದೊಡ್ಡ ಕಥೆಯನ್ನೇ ಶುರುಮಾಡುತ್ತಿದ್ದರು. ಅದನ್ನೆಲ್ಲ ಕೇಳುತ್ತಾ ಕೂರುವ ತಾಳ್ಮೆ ನನಗಿರಲಿಲ್ಲ. ಜೂನ್ ಒಂದಕ್ಕೆ ವಯಸ್ಸು ತುಂಬಿದೆ ಎಂದು ಬರೆದರೆ ಶಾಲೆಗೆ ಸೇರಿಸಿಕೊಳ್ಳಲು ಯಾವ ತಕರಾರೂ ಇಲ್ಲ. ಎಲ್ಲರಿಗೂ ಅದನ್ನೇ ಬರೆದೆ. ಊರಿನ ಮೇಷ್ಟ್ರುಗಳೆಲ್ಲ ಮಾಡಿದ್ದನ್ನೇ ನಾನೂ ಮಾಡಿದ್ದು ಎಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ನನ್ನನ್ನು ಮತ್ತೆ ಆ ಗುಡ್ಡದ ಬುಡಕ್ಕೆ ಎಳೆದವಳು ತನ್ವಿ, ಠಾಣೆಯ ನೌಪಾಡಾದಲ್ಲಿರುವ ನನ್ನ ತಂಗಿಯ ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಅವಳು ಪಿಎಚ್‌ಡಿ ಮಾಡುತ್ತಿರುವ ವಿಷಯಕ್ಕೆ ಪರಿಸರ ಮಾನವಿಕ ಎಂದು ಹೆಸರಂತೆ. ಅದೇನು ಎಂದು ಕೇಳಿದೆ. ಗಾಳಿ ಅಳೆಯುವುದಲ್ಲ, ಮಣ್ಣು ಪರೀಕ್ಷೆಯೂ ಅಲ್ಲ. ನೀರು, ಗುಡ್ಡ, ಮರಗಳ ಜೊತೆ ಜನ ಹೇಗೆ ಬದುಕಿದರು, ಏನು ಹಾಡಿದರು, ಏನನ್ನು ಮರೆತರು ಎಂದು ಕೇಳುವುದು ಎಂದಳು. ಹಾಗಾದರೆ ಹರಟೆ ಹೊಡೆಯುವುದಕ್ಕೂ ಈಗ ಡಿಗ್ರಿ ಕೊಡುತ್ತಾರೆ ಎಂದು ನಾನು ಛೇಡಿಸಿದೆ. ಅವಳಿಗೆ ಸಿಟ್ಟು ಬರಲಿಲ್ಲ. ಅಳತೆಯ ವರದಿಗಳು ಕಪಾಟು ತುಂಬ ಬಿದ್ದಿವೆ, ಹಾಳಾಗುತ್ತಿರುವುದು ಯಾರ ಪಾಲಿಗೆ ಏನಾಗಿತ್ತು ಎಂಬ ಮಾತು ಅವುಗಳಲ್ಲಿ ಒಂದರಲ್ಲೂ ಇಲ್ಲ, ಅದಕ್ಕೇ ಅವನ್ನು ಓದಿದವರಿಗೆ ನಿದ್ದೆ ಬರುತ್ತದೆ ಎಂದಳು. ಅವಳಿಗೆ ಬೇಕಾಗಿದ್ದದ್ದು ದುಭಾಷಿ. ಗುಡ್ಡದ ಬುಡದ ಹಳ್ಳವೊಂದನ್ನು ಪೈಪಿಗೆ ಹಾಕಿ ಮುಚ್ಚಿ ಅದರ ಮೇಲೆ ಎರಡು ಟವರ್ ಕಟ್ಟಲು ಹೊರಟಿದ್ದಾರೆ, ಅದರ ಬಗ್ಗೆ ಮಾತಾಡುವ ಒಬ್ಬ ಹೆಂಗಸು ಸಿಕ್ಕಿದ್ದಾಳೆ, ಆದರೆ ಅವಳ ಕನ್ನಡ ತನಗೆ ಅರ್ಧವೂ ತಿಳಿಯುತ್ತಿಲ್ಲ ಎಂದಳು.

ಹಾಗೆ ಒಂದು ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಖಾರಘರಕ್ಕೆ ಹೋದೆವು. ಟವರ್ ಒಂದರ ಗೇಟಿನ ಹತ್ತಿರ ಐವತ್ತೈದು ದಾಟಿದ ಹೆಂಗಸೊಬ್ಬಳು ಕಸಬರಿಗೆ ಹಿಡಿದು ನಿಂತಿದ್ದಳು. ಸಣ್ಣ ಆಳು, ಮಣ್ಣಿನ ಬುಟ್ಟಿ ಹೊತ್ತೂ ಹೊತ್ತೂ ಕುತ್ತಿಗೆ ಮಾತ್ರ ಗಟ್ಟಿ. ನನ್ನ ಮುಖವನ್ನು ಒಂದು ನಿಮಿಷ ದಿಟ್ಟಿಸಿ ನೋಡಿ, "ಜೂನ್ ಒಂದು ಟೀಚರ್ ಅಲ್ಲೇನ್ರಿ?" ಎಂದಳು. ಜೋಪಡಿಯಲ್ಲಿ ನನಗೆ ಅದೇ ಹೆಸರಿತ್ತೆಂದು ಮೂವತ್ತು ವರ್ಷದ ಮೇಲೆ ತಿಳಿಯಿತು.

ಬಾಲಮ್ಮ ಸೇಡಂ ಕಡೆಯ ಹಳ್ಳಿಯವಳು. ಮದುವೆಯಾಗಿ ಮೂರನೇ ತಿಂಗಳಿಗೆ ಗಂಡನ ಜೊತೆ ಕೂಲಿ ಗ್ಯಾಂಗಿನಲ್ಲಿ ಬಂದಳು. ಈಗ ಜನ ಕಾರು ನಿಲ್ಲಿಸುವ ಸೆಕ್ಟರಿನ ಅರ್ಧ ನೆಲ ಅವಳ ತಲೆಯ ಮೇಲಿಂದ ಇಳಿದದ್ದು. ತಾನು ಕಟ್ಟಿದ ಕಟ್ಟಡದ ಮೆಟ್ಟಿಲನ್ನೇ ಈಗ ಗುಡಿಸುತ್ತಾಳೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಅಳುವಿಲ್ಲ, ತನ್ವಿಯ ಮುಖದಲ್ಲಿ ಅಯ್ಯೋ ಪಾಪ ಕಂಡರೆ ಸಿಟ್ಟು ಬರುತ್ತದೆ. ಮೆಟ್ಟಿಲು ಸಮ ಬಂದಿಲ್ಲ, ಕಟ್ಟಿದ ಗೌಂಡಿ ಕುಡುಕನಾಗಿದ್ದ, ಗುಡಿಸುವಾಗೆಲ್ಲ ಅವನನ್ನು ಬೈಯುತ್ತೇನೆ ಎಂದು ಮಾತು ತಿರುಗಿಸುತ್ತಾಳೆ.

ಹಳ್ಳದ ಮಾತು ಬಂದಾಗ ಮಾತ್ರ ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ ಕುಳಿತಳು. ಅವರಲ್ಲಿ ಬಾಣಂತಿ ಇಪ್ಪತ್ತೊಂದನೆಯ ದಿನ ಗಂಗವ್ವನ ಪೂಜೆ ಮಾಡಬೇಕು. ನೀರಿನ ದಂಡೆಯಲ್ಲಿ ಐದು ಕಲ್ಲು ತೊಳೆದಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಗುಗ್ಗರಿ ಎಡೆ ಮಾಡಿ, ಅಲ್ಲಿಂದ ಒಂದು ಕೊಡ ನೀರು ತುಂಬಿ ತಂದ ಮೇಲೆಯೇ ಅವಳು ಮನೆಯ ನೀರು ಮುಟ್ಟಬಹುದು. ಊರಲ್ಲಾದರೆ ಬಾವಿಯಿದೆ. ಇಲ್ಲಿ ಟ್ಯಾಂಕರಿತ್ತು. ಟ್ಯಾಂಕರಿಗೆ ಕುಂಕುಮ ಹಚ್ಚಲು ಬಾಲಮ್ಮನ ಅತ್ತೆ ಒಪ್ಪಲಿಲ್ಲ. ಹುಡುಕಿಕೊಂಡು ಹೋದಾಗ ಗುಡ್ಡದ ಕಲ್ಲಿನ ಸಂದಿಯಿಂದ ಹರಿದು ಬರುವ ಈ ಹಳ್ಳ ಸಿಕ್ಕಿತು. ಜೋಪಡಿಯಲ್ಲಿ ಹುಟ್ಟಿದ ಹನ್ನೊಂದು ಮಕ್ಕಳ ಪೂಜೆಯೂ ಅಲ್ಲೇ ನಡೆಯಿತು. ಕಾಗದದಲ್ಲಿ ಅದರ ಹೆಸರು ನಾಲಾ ಏಳು-ಬಿ. ಇವರ ಬಾಯಲ್ಲಿ ಕೂಸಿನ ಹಳ್ಳ.

ಪೂಜೆಗೆ ಒಂದು ಹಾಡಿತ್ತು. ಪ್ರತಿ ಸಲ ಹೊಸ ತಾಯಿ ತನ್ನ ಕೂಸಿನ ಹೆಸರಿನದೊಂದು ಸಾಲು ಸೇರಿಸಬೇಕು. ಬಾಲಮ್ಮ ಕಟ್ಟಡದ ನೆರಳಲ್ಲಿ ಕುಳಿತು ಹನ್ನೊಂದೂ ಸಾಲು ಹೇಳಿದಳು. "ಬೇವು ಹೂ ಬಿಟ್ಟಾಗ ಚನ್ನು ಬಂದಾನ, ತುಂಬಿ ಹರಿ ತಾಯಿ ಗಂಗವ್ವ" ಎನ್ನುವುದು ಅವಳ ಸಾಲು. ಬಸವ ಜಯಂತಿಗೆ ಒಬ್ಬಳು, ಮಾವು ಹಣ್ಣಾಗುವಾಗ ಇನ್ನಿಬ್ಬರು ಹುಟ್ಟಿದ್ದರು. ತನ್ವಿ ರೆಕಾರ್ಡಿಂಗ್ ನಿಲ್ಲಿಸಿ ನನ್ನ ತೋಳು ಹಿಡಿದಳು. ನಾಲ್ಕು ಮಕ್ಕಳ ಪೂಜೆ ಕಡುಬೇಸಿಗೆಯಲ್ಲಿ, ಅಲ್ಲಿ ಒಂದೂ ಟವರ್ ಇಲ್ಲದ ಕಾಲದಲ್ಲಿ ಆಗಿದೆ. ಟವರ್ ಕಟ್ಟುವ ಕಂಪನಿಯ ವರದಿಯಲ್ಲಿ ಮಾತ್ರ ಈ ಹಳ್ಳ ಮಳೆಗಾಲದ ಚರಂಡಿ, ಡಿಸೆಂಬರಿನಿಂದ ಪೂರ್ತಿ ಒಣಗಿರುತ್ತದೆ ಎಂದಿತ್ತು. ಈ ಕಾಗದಗಳು ಹೇಗೆ ಹುಟ್ಟುತ್ತವೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ಮಾತು ನನಗೆ ಕೇಳಬೇಕಿತ್ತು. ಗದ್ದೆಗಳನ್ನೆಲ್ಲ ಮುಚ್ಚಿ ಇಷ್ಟು ದೊಡ್ಡ ಊರೇ ಎದ್ದಿದೆ, ಒಂದು ಹಳ್ಳಕ್ಕೆ ಇಷ್ಟೇಕೆ ಹಟ ಎಂದೆ. ಬಾಲಮ್ಮ ನನ್ನನ್ನು ನೇರವಾಗಿ ನೋಡಿದಳು.

"ಮೂರು ಹಳ್ಳ ನಾನೇ ಮುಚ್ಚೀನ್ರಿ ಟೀಚರ್. ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಮುಚ್ಚೀನಿ. ಅವಕ್ಕೂ ಹೆಸರಿದ್ವೋ ಏನೋ, ಕೇಳ್ಲಿಲ್ಲ. ಇದರ ಹೆಸರು ನನಗ ಗೊತ್ತದ. ಇದನ್ನ ಮುಚ್ಚಾಕ ಬಿಡಲ್ಲ."

ಆ ಹೊತ್ತಿಗೆ ಹಳ್ಳದ ಸುತ್ತ ಎರಡಾಳು ಎತ್ತರದ ತಗಡಿನ ಬೇಲಿ ಬಂದಿತ್ತು. ಯಂಕಣ್ಣ ಅಲ್ಲೇ ಕಾವಲುಗಾರನಾಗಿದ್ದ. ಏಪ್ರಿಲಿನ ಒಂದು ಮಧ್ಯಾಹ್ನ ಅವನು ಕೆಳಗಿನ ಗೇಟನ್ನು ಐದು ನಿಮಿಷ ತೆರೆದ. ತನ್ವಿ ಹರಿಯುವ ನೀರಿನ ವಿಡಿಯೋ ಮಾಡಿಕೊಂಡಳು. ಮರುದಿನವೇ ಯಂಕಣ್ಣನ ಕೆಲಸ ಹೋಯಿತು. ತನ್ವಿ ಕ್ಷಮೆ ಕೇಳಲು ಹೋದಾಗ ಬಾಲಮ್ಮ, ನೀರಿಗೆ ಕಾವಲು ಕಾಯುವುದೂ ಒಂದು ಕೆಲಸವೇ, ಹೋದದ್ದು ಒಳ್ಳೆಯದೇ ಆಯಿತು ಎಂದು ಅವಳನ್ನೇ ಗದರಿಸಿ ಚಹಾ ಕುಡಿಸಿ ಕಳಿಸಿದಳಂತೆ. ಹಿಂದೆ ಕುಳಿತಿದ್ದ ಯಂಕಣ್ಣನಿಗೆ ಅದು ಅಷ್ಟು ಒಳ್ಳೆಯದೆಂದು ಅನ್ನಿಸಿದಂತೆ ಕಾಣಲಿಲ್ಲವಂತೆ.

ಮೇ ಹದಿನೆಂಟರ ಸೋಮವಾರ ಬೇಲಾಪುರದ ಕಚೇರಿಯೊಂದರಲ್ಲಿ ಆಕ್ಷೇಪಣೆ ಕೇಳುವ ಸಭೆ ಇತ್ತು. ಅಲ್ಲಿ ಹಳ್ಳ ಎಂದು ದಾಖಲಾದರೆ ಟವರಿನ ನಕ್ಷೆ ಬದಲಾಗಬೇಕು. ಚರಂಡಿ ಎಂದು ದಾಖಲಾದರೆ ಮಳೆಗೆ ಮುಂಚೆ ಪೈಪು ಹಾಕಿ ಮಣ್ಣು ಸುರಿಯುತ್ತಾರೆ. ಇಷ್ಟೇ ವಿಷಯ. ಎದುರು ಕಡೆ ರಿತೇಶ್ ಎಂಬ ಕಂಪನಿಯ ಇಂಜಿನಿಯರು ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ತನ್ವಿಯ ವಿಡಿಯೋ ನೋಡಿ ಅವನು ತಲೆಯಾಡಿಸಿದ. ನೀರಿದೆ, ಯಾರು ಇಲ್ಲ ಅಂದರು? ಅದು ಪಕ್ಕದ ಟವರ್ ಸೊಸೈಟಿಯ ಟ್ಯಾಂಕಿನ ಲೀಕೇಜು. ಟವರ್ ಬರುವ ಮುಂಚೆ ಬೇಸಿಗೆಯಲ್ಲಿ ಅಲ್ಲಿ ನೀರಿತ್ತು ಎನ್ನಲು ಏನಿದೆ ನಿಮ್ಮ ಹತ್ತಿರ ಎಂದ.

ತನ್ವಿ ಹಾಡನ್ನು ಕೇಳಿಸಿದಳು, ಮರಾಠಿ ಅನುವಾದ ಕೊಟ್ಟಳು, ಆ ಕುಟುಂಬಗಳು ಆಗ ಅಲ್ಲೇ ಇದ್ದವು ಎನ್ನುವುದಕ್ಕೆ ಹನ್ನೊಂದು ಮಕ್ಕಳ ಶಾಲೆಯ ದಾಖಲೆ ಲಗತ್ತಿಸಿದ್ದಳು. ಅದರಲ್ಲಿ ಜೂನ್ ಒಂದು ಇದೆಯಲ್ಲ, ತೊಂದರೆಯಾಗುತ್ತದೆಯೇ ಎಂದು ಅವಳು ಹಿಂದಿನ ವಾರ ನನ್ನನ್ನು ಕೇಳಿದ್ದಳು. ಯಾರೂ ನೋಡುವುದಿಲ್ಲ ಬಿಡು ಎಂದಿದ್ದೆ. ನಾನು ಬರೆದದ್ದನ್ನು ಯಾರೂ ನೋಡಬಾರದು ಎಂಬ ಆಸೆ ನನ್ನಿಂದ ಆ ಮಾತು ಆಡಿಸಿತ್ತು.

ರಿತೇಶ್ ನೋಡಿದ. ಒಂದೊಂದೇ ಹಾಳೆ ಮಗುಚುತ್ತಾ ಹನ್ನೊಂದು ತಾರೀಕನ್ನೂ ಗಟ್ಟಿಯಾಗಿ ಓದಿದ. ಒಂದೇ ದಿನ, ಒಂದೇ ತಿಂಗಳು. ಹಾಡಿನಲ್ಲಿ ಬೇವು, ಮಾವು, ದಾಖಲೆಯಲ್ಲಿ ಜೂನ್ ಒಂದು. ಈ ತಾಯಂದಿರು ಮಾತಾಡಿಕೊಂಡು ಹೆತ್ತರೇ, ಇಲ್ಲ ಹಾಡೇ ಸುಳ್ಳೇ ಎಂದು ಕೇಳಿದ. ಸಭೆ ನಕ್ಕಿತು. ಸಭೆ ನಡೆಸುತ್ತಿದ್ದ ಹಿರಿಯ ಸಾಹೇಬರೂ ಮೀಸೆಯಡಿ ನಕ್ಕರು. ತನ್ವಿಯ ಮುಖ ಕೆಂಪಾಯಿತು. ಬಾಲಮ್ಮ ನನ್ನ ಕಡೆ ನೋಡಿದಳು. ಬಯ್ಗುಳವಿರದ ಆ ನೋಟವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಎದ್ದು ನಿಂತೆ. ಈ ಹನ್ನೊಂದನ್ನೂ ಬರೆದವಳು ನಾನು, ಕೆಳಗಿರುವ ಸಹಿ ನನ್ನದು ಎಂದು ಮರಾಠಿಯಲ್ಲಿ ಹೇಳಿದೆ. ತಾಯಂದಿರು ನಿಜ ಹೇಳಲು ಬಂದಿದ್ದರು, ನಾನು ಕೇಳಲಿಲ್ಲ. ಹಾಡಿನಲ್ಲಿರುವುದು ನಿಜ, ಸಹಿ ಮಾಡಿದ ದಾಖಲೆ ಸುಳ್ಳು. ಇದನ್ನು ಬರಹದಲ್ಲೂ ಕೊಡುತ್ತೇನೆ ಎಂದೆ. ನಗು ನಿಂತಿತು. ನಾನು ಕುಳಿತುಕೊಳ್ಳುವ ಮುಂಚೆಯೇ ಬಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಸಾಹೇಬರ, ಈ ಟೀಚರ್ ಕುರ್ಚಿ ಮ್ಯಾಲ ಕುಂತು ನಮ್ಮ ಮಕ್ಕಳ ತಾರೀಕು ಬರದ್ರು. ತಾಯಿನ್ನ ಕೇಳ್ಲಿಲ್ಲ. ಈ ಇಂಜಿನಿಯರೂ ಕುರ್ಚಿ ಮ್ಯಾಲ ಕುಂತೇ ಹಳ್ಳದ್ದು ಬರದಾರ. ಹಳ್ಳಕ್ಕ ಹೋಗಿ ನೋಡ್ಲಿಲ್ಲ. ಎರಡೂ ಕಾಗದ ಒಂದೇ. ಟೀಚರ್ ಎದ್ದು ನಿಂತು ತಪ್ಪು ಅಂತ ಒಪ್ಪಿಕೊಂಡ್ರು. ಇವರು ಯಾವಾಗ ನಿಂದರ್ತಾರ, ಕೇಳ್ರಿ."

ದುಭಾಷಿಯಾಗಿ ನನಗೊಂದು ಕೆಟ್ಟ ಚಾಳಿಯಿದೆ. ಬಡವರ ಮಾತಿಗೆ ಸ್ವಲ್ಪ ಸಕ್ಕರೆ ಹಾಕಿ ಸಾಹೇಬರಿಗೆ ಬಡಿಸುತ್ತೇನೆ. ಅಂದು ಹಾಕಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಕೊನೆಗೆ, ಸ್ಥಳ ಪರಿಶೀಲನೆ ಮಾಡೋಣ, ಈಗ ಕೆಲಸದ ಒತ್ತಡವಿದೆ, ಮಳೆಗಾಲ ಮುಗಿದ ಮೇಲೆ ನೋಡೋಣ ಎಂದರು. ರಿತೇಶ್ ಆಗಲೇ ಫೈಲು ಮುಚ್ಚುತ್ತಿದ್ದ.

ಬಾಲಮ್ಮ ಇನ್ನೂ ಕುಳಿತಿರಲಿಲ್ಲ. "ಮಳಿ ಬಂದ ಮ್ಯಾಲ ಎಲ್ಲಾ ಹಳ್ಳದಾಗೂ ನೀರಿರ್ತದರಿ. ಈ ಗುರುವಾರ ನನ್ನ ಸೊಸಿ ಗಂಗವ್ವನ ಪೂಜಿ ಅದ. ನೀವು ಬಂದರೂ ಮಾಡ್ತೀವಿ, ಬರದಿದ್ದರೂ ಮಾಡ್ತೀವಿ."

ಸೊಸೆ ಸೌಭಾಗ್ಯ ಮೇ ಒಂದಕ್ಕೆ ಹೆತ್ತಿದ್ದಳು. ಸಭೆಯಿಂದ ಹೊರಗೆ ಬಂದ ಮೇಲೆ ಬಾಲಮ್ಮ ಪ್ಲಾಸ್ಟಿಕ್ ಚೀಲದಿಂದ ಆಸ್ಪತ್ರೆಯ ಕಾಗದ ತೆಗೆದು ನನ್ನ ಕೈಗಿಟ್ಟು, ಇದು ಖರೇ ಒಂದನೇ ತಾರೀಕು ನೋಡ್ರಿ ಟೀಚರ್ ಎಂದು ನಕ್ಕಳು. ತನ್ವಿಗೆ ಆಗಲೇ ಉತ್ಸಾಹ ಬಂದಿತ್ತು. ಪತ್ರಕರ್ತರನ್ನು ಕರೆಯೋಣ, ಪೂಜೆಯೇ ದೊಡ್ಡ ಪುರಾವೆಯಾಗುತ್ತದೆ ಎಂದಳು. ಬಾಲಮ್ಮನ ನಗು ಅಲ್ಲಿಗೇ ನಿಂತಿತು. ಪುರಾವೆಗಾಗಿ ಯಾರೂ ಪೂಜೆ ಮಾಡುವುದಿಲ್ಲ, ಬಾಣಂತಿ ನೀರು ಮುಟ್ಟಬೇಕು ಅದಕ್ಕೆ ಮಾಡುವುದು, ಕ್ಯಾಮೆರಾ ತಂದರೆ ನಿನ್ನನ್ನೂ ಒಳಗೆ ಬಿಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ತನ್ವಿ ತನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡದ್ದು ನೋಡಿದೆ. ಬೈಸಿಕೊಂಡದ್ದನ್ನೂ ಬರೆದುಕೊಳ್ಳುವ ಓದಿಗೆ ನಾನು ಇನ್ನು ಮೇಲೆ ಹರಟೆ ಎನ್ನುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬೇಲಿಯ ಹತ್ತಿರ ಸೇರಿದೆವು. ಸೌಭಾಗ್ಯ ಹಸಿರು ಸೀರೆಯುಟ್ಟು, ಕಿವಿಗೆ ಅರಳೆ ಇಟ್ಟು, ಕೂಸನ್ನು ಎದೆಗವಚಿಕೊಂಡಿದ್ದಳು. ಚನ್ನು ರಜೆ ಹಾಕಿ ಬಂದಿದ್ದ. ಹಳೆಯ ಜೋಪಡಿಯ ಐದು ಜನ ಹೆಂಗಸರಲ್ಲಿ ಇಬ್ಬರು ಕಲ್ಯಾಣದಿಂದ ಮೊದಲ ಗಾಡಿಗೇ ಹೊರಟು ಬಂದಿದ್ದರು. ಸಾಹೇಬರು ಬರುತ್ತಾರೆಂದು ನಾನಂತೂ ನಂಬಿರಲಿಲ್ಲ. ಬಂದರು. ನನ್ನ ಬರಹದ ಹೇಳಿಕೆ ಫೈಲಿನಲ್ಲಿ ಕುಳಿತಿತ್ತು, ಅದಕ್ಕೋ, ಮನೆಯಲ್ಲಿ ಅವರಿಗೂ ಮೊಮ್ಮಗು ಇತ್ತೋ, ನನಗೆ ಗೊತ್ತಿಲ್ಲ. ಜೊತೆಗೆ ಒಬ್ಬ ಗುಮಾಸ್ತ, ಹಿಂದೆ ರಿತೇಶ್.

ಗೇಟಿಗೆ ಬೀಗವಿತ್ತು. ಬೀಗದ ಕೈ ಕಂತ್ರಾಟುದಾರನ ಹತ್ತಿರ ಇದೆ, ಅವನು ಪನ್ವೇಲಿನಲ್ಲಿದ್ದಾನೆ, ಮಧ್ಯಾಹ್ನವಾಗುತ್ತದೆ ಎಂದ ರಿತೇಶ್. ಸಾಹೇಬರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಯಂಕಣ್ಣ ಅಂಗಿಯ ಜೇಬಿನಿಂದ ನಟ್ಟು ಬಿಚ್ಚುವ ಪಾನಾ ತೆಗೆದ. ಆ ತಗಡು ಜೋಡಿಸಿದವನು ಅವನೇ. ಸಾಹೇಬರೆ, ತಮ್ಮ ಹುಕುಂ ಆದರೆ ನಾಲ್ಕು ನಟ್ಟು ಎಂದ. ಸಾಹೇಬರು ತಲೆಯಾಡಿಸಿದರು. ಯಂಕಣ್ಣ ನಾಲ್ಕೂ ನಟ್ಟು ಬಿಚ್ಚಿ ತಗಡು ಸರಿಸಿದ.

ಒಳಗೆ ಹೋದರೆ ಕಲ್ಲುಗಳ ನಡುವೆ ಪಾದ ಮುಳುಗುವಷ್ಟು ನೀರು, ತಣ್ಣಗೆ, ಸದ್ದಿಲ್ಲದೆ ಹರಿಯುತ್ತಿತ್ತು. ರಿತೇಶ್ ಟವರಿನ ಕಡೆ ಕೈ ತೋರಿಸಿ ಲೀಕೇಜು ಎಂದ. ಬಾಲಮ್ಮ ಅವನ ಕಡೆ ತಿರುಗಿ ನೋಡಲೂ ಇಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಲ್ಲೇ ಮೇಲಕ್ಕೆ ಹತ್ತತೊಡಗಿದಳು. ಅವಳ ಹಿಂದೆ ಬಾಣಂತಿ, ಬಾಣಂತಿಯ ಹಿಂದೆ ಹೆಂಗಸರು. ಬಾಣಂತಿಯೇ ಹತ್ತುವಾಗ ಸಾಹೇಬರು ನಿಲ್ಲುವ ಹಾಗಿರಲಿಲ್ಲ. ಬೂಟು ನೆನೆಸಿಕೊಂಡು ಬಂದರು. ಕೊನೆಯ ಕಾಂಪೌಂಡು ಗೋಡೆಯೂ ಹಿಂದೆ ಉಳಿಯಿತು. ಪೈಪಿಲ್ಲ, ಟ್ಯಾಂಕಿಲ್ಲ, ಮೇಲೆ ಗುಡ್ಡ ಮತ್ತು ಬಿಸಿಲು. ನೀರು ಮಾತ್ರ ನಮ್ಮ ಎದುರಿಗೇ ಇಳಿದು ಬರುತ್ತಿತ್ತು. ಇನ್ನೂ ಇಪ್ಪತ್ತು ಮಾರು ಹೋದ ಮೇಲೆ ದೊಡ್ಡದೊಂದು ಕರಿಬಂಡೆ, ಅದರ ಬುಡದ ಸಂದಿಯಿಂದ ನೀರು ಹೊರಗೆ ಬರುತ್ತಿತ್ತು.

ಬಂಡೆಯ ಮಗ್ಗುಲಲ್ಲಿ ಮಳೆನೀರು ತಾಕದ ಗೂಡಿನಂಥ ಜಾಗವಿದೆ. ಬಾಲಮ್ಮ ಒಣ ಎಲೆ ಸರಿಸಿದಳು. ಒಳಗೆ ಹಿಂದಿನ ಪೂಜೆಗಳ ದುಂಡನೆಯ ಕಲ್ಲುಗಳು ಐದೈದಾಗಿ ಸಾಲಾಗಿ ಕುಳಿತಿದ್ದವು. ಕೆಲವು ಸಾಲು ಚೆದುರಿ ಹೋಗಿದ್ದವು, ಆರು ಸಾಲು ಹಾಗೇ ಇದ್ದವು. ಕಲ್ಯಾಣದಿಂದ ಬಂದವರಲ್ಲಿ ಒಬ್ಬಳು ಕುಕ್ಕರಗಾಲಿನಲ್ಲಿ ಕುಳಿತು ಒಂದು ಸಾಲನ್ನು ಮುಟ್ಟಿ, ಇದು ನನ್ನ ಮಗಳದು ಎಂದು ಅತ್ತಳು. ನಾನೂ ಅತ್ತೆ. ನನಗೆ ಹೇಳಲು ಬಂದ ತಾರೀಕುಗಳು ಮೂವತ್ತು ವರ್ಷ ಇಲ್ಲಿ ಕುಳಿತಿದ್ದವು.

ಪೂಜೆ ನಡೆಯಿತು. ಯಾರಿಗಾಗಿಯೂ ಅವಸರ ಮಾಡಲಿಲ್ಲ. ಐದು ಕಲ್ಲು ಆರಿಸಿದರು, ತೊಳೆದರು, ಅರಿಷಿಣ ಹಚ್ಚಿದರು. ಹನ್ನೊಂದು ಸಾಲು ಹಾಡಿ ಸೌಭಾಗ್ಯ ತನ್ನ ಹನ್ನೆರಡನೆಯದನ್ನು ಸೇರಿಸಿದಳು, ನಾಚಿಕೊಂಡು, ಅರ್ಧ ಹಿಂದಿ ಬೆರೆತ ಕನ್ನಡದಲ್ಲಿ. ಕೊಡ ತುಂಬಿಸಿಕೊಂಡಳು. ಸಾಹೇಬರಿಗೂ ರಿತೇಶನಿಗೂ ಮುತ್ತುಗದ ಎಲೆಯಲ್ಲಿ ಗುಗ್ಗರಿ ಕೊಟ್ಟರು. ರಿತೇಶ್ ಎಲೆ ಹಿಡಿದುಕೊಂಡು ಬಂಡೆಯ ಸಂದಿಯನ್ನು ನೋಡುತ್ತಾ ನಿಂತಿದ್ದ. ಈ ಸಲ ಲೀಕೇಜು ಎನ್ನಲಿಲ್ಲ.

ಹಳ್ಳ ಉಳಿಯಿತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಫೈಲು ಇನ್ನೂ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡುತ್ತಿದೆ. ತಗಡನ್ನು ಮರುದಿನವೇ ಮತ್ತೆ ಬಿಗಿದರು. ಮಣ್ಣು ಮಾತ್ರ ಬಿದ್ದಿಲ್ಲ. ಯಂಕಣ್ಣನ ಪಾನಾ ಮನೆಯಲ್ಲೇ ಇದೆ, ನವೆಂಬರಿನಲ್ಲಿ ಕಲ್ಯಾಣದ ಆ ಹೆಂಗಸಿನ ಸೊಸೆಯ ಹೆರಿಗೆಯಿದೆ.

ಅಂದು ಸಾಹೇಬರು ಬಂಡೆಯ ಮೇಲೆ ಕುಳಿತು ಪಂಚನಾಮೆ ಬರೆದರು. ಬಂಡೆಯಡಿಯಿಂದ ನೀರು, ಹರಿವು ಇದೆ, ಮೇಲುಗಡೆ ಯಾವ ಕಟ್ಟಡವೂ ಇಲ್ಲ. ಮೊದಲ ಸಾಕ್ಷಿ ಬಾಲಮ್ಮ. ಗುಮಾಸ್ತ ಅವಳ ಆಧಾರ್ ಕಾರ್ಡು ತೆಗೆದುಕೊಂಡು ಹುಟ್ಟಿದ ತಾರೀಕಿನ ಕಾಲಂಗೆ ಜೂನ್ ಒಂದು ಎಂದು ಬರೆಯಲು ಹೊರಟ. ಬಾಲಮ್ಮ ಕೈ ಅಡ್ಡ ಹಿಡಿದಳು.

"ನಂದು ಬಿಡ್ರಿ. ನಂದು ಯಾರಿಗೂ ಗೊತ್ತಿಲ್ಲ. ಈ ಹಳ್ಳದ್ದು ಬರೀರಿ."

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ಹಾಳೆಯನ್ನು ತಾವೇ ತೆಗೆದುಕೊಂಡು, ಬಾಲಮ್ಮನ ಕಾಲಂ ಖಾಲಿ ಬಿಟ್ಟು, ಮೇಲೆ ಇಪ್ಪತ್ತೊಂದು ಮೇ, ಬೆಳಿಗ್ಗೆ ಹತ್ತೂ ನಲವತ್ತು ಎಂದು ಬರೆದರು. ಅವಳು ಸಹಿ ಹಾಕಲಿಲ್ಲ. ಹಾಳೆಯನ್ನು ಒದ್ದೆ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದಳು.

"ಟೀಚರ್, ಈ ಸಲ ತಾರೀಕು ಖರೇ ಬರದಾರೇನು, ನೋಡ್ರಿ."

ಕನ್ನಡಕ ಹಾಕಿಕೊಂಡು ನೋಡಿದೆ. ಕೈಗಡಿಯಾರವನ್ನೂ ನೋಡಿಕೊಂಡೆ. ಸರಿಯಾಗಿದೆ ಎಂದೆ. ಆಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು.